ಹೆಗಲಿಂದ ಇಳಿದ ಕೈ

ಹೈಸ್ಕೂಲು ದಾಟುತ್ತಿರುವ ಹುಡುಗನಿಗೆ,

ಏಳನೇ ಕ್ಲಾಸಿನ ಇಬ್ಬರು ಹುಡುಗರು ಶಾಲೆ ಬಿಟ್ಟ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುತ್ತಾ ಹೋಗುವುದು ಕರ್ನಾಟಕದ ಯಾವ ಊರಲ್ಲೂ ಸುದ್ದಿಯಲ್ಲ. ಪಿಯುಸಿ ಹೊತ್ತಿಗೆ ಆ ಕೈ ಸಾಮಾನ್ಯವಾಗಿ ಹೆಗಲಿಂದ ಇಳಿದಿರುತ್ತದೆ. ಅಕ್ಕರೆ ಬಂದರೆ ಬೆನ್ನಿಗೊಂದು ಗುದ್ದು, ಕರೆಯಬೇಕಾದರೆ ಒಂದು ಬೈಗುಳ. ವಯಸ್ಸೇ ಹಾಗೆ ಎಂದು ದೊಡ್ಡವರು ಸುಮ್ಮನಾಗುತ್ತಾರೆ. ಅದು ಅರ್ಧ ನಿಜ, ಉಳಿದರ್ಧ ಯಾರೋ ಕಲಿಸಿದ ಪಾಠ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ನಿಯೋಬಿ ವೇ ಅಮೆರಿಕದ ಹುಡುಗರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿ, 2011ರಲ್ಲಿ ‘ಡೀಪ್ ಸೀಕ್ರೆಟ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಹದಿನಾಲ್ಕರ ಆಸುಪಾಸಿನ ಹುಡುಗರು ಮನಸ್ಸಿನ ಗುಟ್ಟು ಹೇಳಿಕೊಳ್ಳಲು ಗೆಳೆಯ ಬೇಕೇ ಬೇಕು ಎನ್ನುತ್ತಿದ್ದರು, ಪ್ರೀತಿ ಎಂಬ ಪದಕ್ಕೂ ಹಿಂಜರಿಯುತ್ತಿರಲಿಲ್ಲ. ಅವರಲ್ಲೇ ಅನೇಕರು ಹದಿನಾರು-ಹದಿನೇಳಕ್ಕೆ ಬಂದಾಗ ಯಾರನ್ನೂ ನಂಬಲಾಗದು ಎನ್ನತೊಡಗಿದ್ದರು. ತಮ್ಮನ್ನು ಹೆಣ್ಣಿಗ ಎಂದೋ ಸಲಿಂಗಿ ಎಂದೋ ಅಂದಾರೆಂಬ ಭಯ ಒಳಗೆ ಕೂತಿತ್ತು. ಗೆಳೆತನದ ಆಸೆ ಮಾತ್ರ ಸತ್ತಿರಲಿಲ್ಲ.

ಈ ಪುಸ್ತಕ ಓದಿದ ಬೆಲ್ಜಿಯಂನ ನಿರ್ದೇಶಕ ಲೂಕಸ್ ಡಾಂಟ್ 2022ರಲ್ಲಿ ‘ಕ್ಲೋಸ್’ ಚಿತ್ರ ಮಾಡಿದರು. ಕಾನ್ ಉತ್ಸವದಲ್ಲಿ ಅದಕ್ಕೆ ಗ್ರ್ಯಾಂಡ್ ಪ್ರಿ ಬಂತು. ಚಿತ್ರದ ಗೆಳೆಯರಾದ ಲಿಯೊ, ರೆಮಿ ಇಬ್ಬರಿಗೂ ಹದಿಮೂರು ವರ್ಷ. ಹೊಸ ಶಾಲೆಯಲ್ಲಿ ಹುಡುಗಿಯೊಬ್ಬಳು ‘ನೀವಿಬ್ಬರೂ ಜೋಡಿಯಾ?’ ಎಂಬರ್ಥದಲ್ಲಿ ಕೇಳುತ್ತಾಳೆ. ಅಷ್ಟೇ. ಮುಂದೆ ರೆಮಿ ಹುಲ್ಲಿನ ಮೇಲೆ ಲಿಯೊನಿಗೆ ತಲೆಯಾನಿಸಿದರೆ ಲಿಯೊ ಸರಿದುಕೊಳ್ಳುತ್ತಾನೆ. ಒಂದು ಬೆಳಿಗ್ಗೆ ಕಾಯದೆ ಒಬ್ಬನೇ ಸೈಕಲ್ ಹತ್ತಿ ಹೋಗುತ್ತಾನೆ. ಯಾಕೆ ಕಾಯಲಿಲ್ಲ ಎಂದು ರೆಮಿ ಅಳುತ್ತಾ ಕೇಳಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಕಥೆ ಸಾವಿನವರೆಗೆ ಹೋಗುತ್ತದೆ.

ಗಂಡಸುತನದ ಅಳತೆಗೋಲು ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. 1837ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿಗೆ ಬರಿಗೈಲಿ ಬಂದ ಅಬ್ರಹಾಂ ಲಿಂಕನ್, ಜೋಶುವಾ ಸ್ಪೀಡ್ ಎಂಬ ಅಂಗಡಿಕಾರನ ಹಾಸಿಗೆಯಲ್ಲೇ ಸುಮಾರು ನಾಲ್ಕು ವರ್ಷ ಮಲಗಿದ. ಆಗ ಅದು ಮಾಮೂಲು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಕರ್ಣನ ಹೆಣದ ಮುಂದೆ ನಿಂತು ಗೋಳಾಡುತ್ತಾನೆ. ಅದರಿಂದ ಅವನ ವೀರತನಕ್ಕೆ ಮುಕ್ಕಾಯಿತೆಂದು ಕನ್ನಡದ ಓದುಗರು ಹೇಳಿಲ್ಲ. ಆ ಪದ್ಯಗಳನ್ನು ಬಾಯಿಪಾಠ ಮಾಡಿಸುವ ನಾಡಿನಲ್ಲೇ ಕಣ್ಣೀರು ಹಾಕಿದ ಹುಡುಗನಿಗೆ ‘ಗಂಡಸಾಗಿ ಅಳ್ತೀಯಾ’ ಎಂಬ ಮಾತೂ ತಪ್ಪಿಲ್ಲ.

‘ಜೋಡಿಯಾ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಹಂಗು ಯಾರಿಗೂ ಇಲ್ಲ. ಸಲಿಂಗ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ಹೇಳಿಯಾಗಿದೆ. ಪ್ರೀತಿ ಯಾವ ಬಗೆಯದಾದರೂ ಗೇಲಿಗೆ ಹೆದರಿ ಗೆಳೆಯನನ್ನು ಬಿಡುವವನಿಗೆ ಗೇಲಿ ನಿಲ್ಲುವ ಭರವಸೆಯೇನೂ ಸಿಗುವುದಿಲ್ಲ. ಗೆಳೆಯ ಮಾತ್ರ ಹೋಗುತ್ತಾನೆ.

ಚಿಕ್ಕವರಿಗೆ ಇಲ್ಲೊಂದು ಅನುಕೂಲವಿದೆ. ಅವರು ಮುನಿದರೆ ಬಾಯಿಬಿಟ್ಟು ‘ಟೂ’ ಹೇಳುತ್ತಾರೆ, ಸಂಜೆಯೊಳಗೆ ಬೆರಳು ತಾಗಿಸಿ ರಾಜಿಯಾಗುತ್ತಾರೆ. ಹದಿನೈದರ ಹುಡುಗ ಟೂ ಹೇಳದೆಯೇ ದೂರವಾಗಿರುತ್ತಾನೆ, ಹಾಗಾಗಿ ರಾಜಿಯಾಗುವ ದಾರಿಯೂ ಅವನಿಗೆ ತೋಚುವುದಿಲ್ಲ. ದೊಡ್ಡ ಮಾತು, ಕ್ಷಮೆಯ ಚೀಟಿ ಇವೆಲ್ಲ ಆ ವಯಸ್ಸಿಗೆ ಬಲು ಭಾರ. ದೂರ ಸರಿದವನು ಮರುದಿನ ಬೆಳಿಗ್ಗೆ ಗೆಳೆಯನ ಮನೆಯ ತಿರುವಿನಲ್ಲಿ ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು, ಅವನು ಬರುವವರೆಗೆ ಕಾಯ್ದರೆ ಸಾಕು.

ಇಂತಿ,
ಹಿರಿಯನೊಬ್ಬ