ಹೊಟ್ಟೆ ತುಂಬಿದರೆ ಸಾಕೇ?

ಬಡ ಕುಟುಂಬದ ತಾಯಿಯೊಬ್ಬಳು ಸದಾ ಸುಸ್ತು ಎಂದರೆ ‘ಸರಿಯಾಗಿ ಊಟ ಮಾಡಮ್ಮ’ ಎಂದು ಬುದ್ಧಿ ಹೇಳುತ್ತೇವೆ. ಆಕೆ ಊಟ ಬಿಟ್ಟಿರುವುದಿಲ್ಲ. ಆಕೆಯ ತಟ್ಟೆಯಲ್ಲಿ ಏನಿದೆ ಎಂಬುದೇ ಪ್ರಶ್ನೆ.

2013ರಲ್ಲಿ ಆರಂಭವಾದ ಅನ್ನಭಾಗ್ಯದಿಂದ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ಹಸಿವು ನೀಗಿತು. ಇದು ಸಣ್ಣ ಮಾತಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು.

ಹೀಗೇಕೆ? ಅಕ್ಕಿ ದುಡಿಯಲು ಶಕ್ತಿ ಕೊಡುತ್ತದೆ; ಆದರೆ ರಕ್ತಕ್ಕೆ ಬೇಕಾದ ಕಬ್ಬಿಣಾಂಶ ಅದರಲ್ಲಿ ತೀರಾ ಕಡಿಮೆ. ಬೇಳೆ, ಮೊಟ್ಟೆ, ಸೊಪ್ಪು, ಹಣ್ಣುಗಳನ್ನು ಕೈಯಲ್ಲಿ ಕಾಸಿದ್ದಾಗ ಮಾತ್ರ ಕೊಳ್ಳಬಹುದು. ಕೂಲಿ ತಪ್ಪಿದ ದಿನ ಮೊದಲು ಬಿಟ್ಟುಹೋಗುವುದು ಇವೇ. ಉಳಿಯುವುದು ಅನ್ನ, ತಿಳಿಸಾರು. ಅದರಲ್ಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ತಾಯಿ. ಇದರೊಂದಿಗೆ ಜಂತುಹುಳುವಿನ ಕಾಟ, ಬೇಗಬೇಗನೆ ಹೆರಿಗೆಗಳು ಸೇರಿದರೆ ರಕ್ತ ಇನ್ನೂ ಕುಂದುತ್ತದೆ.

ರಕ್ತಹೀನ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹೆಚ್ಚು. ಕಬ್ಬಿಣಾಂಶ ಸಾಲದ ಮಗು ಕಲಿಕೆಯಲ್ಲೂ ಹಿಂದೆ ಬೀಳಬಹುದು. ಹೀಗೆ ಬಡತನ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ತಟ್ಟೆಯ ಮೂಲಕವೇ ದಾಟುತ್ತದೆ. ಇದನ್ನು ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ.

ಮನೆಯಲ್ಲಿ ಆಗುವಂಥದ್ದು ಕೆಲವಿವೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ತಗ್ಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಷ್ ಅಕ್ಕಿಯಲ್ಲಿ ಅದು ತೀರಾ ಅಲ್ಪ. ಮುದ್ದೆಯನ್ನು ಬಡವರ ಊಟವೆಂದು ಮಕ್ಕಳೆದುರು ಹೀಗಳೆಯಬೇಡಿ.

ಆದರೆ ನಿಂಬೆಹಣ್ಣಿಗೂ ಕಾಸು ಬೇಕಲ್ಲವೇ? 2017ರ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಪೂರ್ಣ ಊಟ ಕೊಡಲು ಬಂದದ್ದು ಇದಕ್ಕಾಗಿಯೇ. ಅಂಗನವಾಡಿ ದೂರವಿದ್ದು ಕೂಲಿ ಬಿಟ್ಟು ಹೋಗಬೇಕಾದರೆ ಆ ಊಟವೂ ಕೈಗೆಟುಕದು. ಅಂಥವರಿಗೆ ನೆರೆಹೊರೆಯ ನೆರವು ಬೇಕು. ಅನುದಿನದ ಆಹಾರಕ್ಕಾಗಿ ಪ್ರಾರ್ಥಿಸುವ ನಾವು, ಹಬ್ಬದಲ್ಲಿ ಬಡವರಿಗೆ ಕೊಡುವ ಅಕ್ಕಿಯ ಚೀಲದ ಜೊತೆ ಬೇಳೆ, ಕಡಲೆಕಾಯಿಯನ್ನೂ ಇಡಬಹುದಲ್ಲವೇ?

ಮನೆಯವರು ಕೂಡಿ ಚರ್ಚಿಸಿರಿ:
1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರಿಗೆ ಏನು ಉಳಿದಿರುತ್ತದೆ?
2. ನಮ್ಮ ಬೀದಿಯ ಗರ್ಭಿಣಿಯರಿಗೆ ಅಂಗನವಾಡಿಯ ಊಟ ಸಿಗುತ್ತಿದೆಯೇ? ಇಲ್ಲವಾದರೆ ಅಡ್ಡಿ ಏನು?