ಹೇಳಬೇಕಾದ ಊರನ್ನೇ ಹೇಳು

ತಮ್ಮಾ,

ಹೊಸನಗರದಲ್ಲಿ ತೀರ್ಥಹಳ್ಳಿಯ ಬಸ್ಸು ಹತ್ತಿ ಕೂತಾಗ, ಕಂಡಕ್ಟರ್ ಒಂದೊಂದೇ ಸೀಟು ದಾಟಿ ಹತ್ತಿರ ಬರುತ್ತಿದ್ದಂತೆ ನಿನ್ನ ಎದೆ ಹೊಡೆದುಕೊಳ್ಳುವುದು ನನಗೆ ಗೊತ್ತು. ನಾನೂ ಉಗ್ಗುವವನೇ. ಮುಂದಿನ ಸೀಟಿನವರು ಟಿಕೆಟ್ ತೆಗೆಯುವಷ್ಟರಲ್ಲಿ ‘ತೀ’ ಎಂಬ ಒಂದಕ್ಷರವನ್ನು ಬಾಯೊಳಗೇ ಹೇಳಿ ಹೇಳಿ ನೋಡಿಕೊಂಡಾಗಿರುತ್ತದೆ. ನಾಲಿಗೆ ಹಲ್ಲಿನ ಬುಡಕ್ಕೆ ಅಂಟಿಕೊಂಡಿರುತ್ತದೆ, ಉಸಿರು ಗಂಟಲಲ್ಲೇ ನಿಂತಿರುತ್ತದೆ. ಬಸ್ಸು ಮುಂದೆ ಕೊಪ್ಪಕ್ಕೆ ಹೋಗುವುದಾದರೆ ‘ಕೊಪ್ಪ’ ಎಂದು ಹೇಳಿ, ಹೆಚ್ಚಿನ ದುಡ್ಡು ತೆತ್ತು, ತೀರ್ಥಹಳ್ಳಿಯಲ್ಲೇ ಇಳಿದುಬಿಡುವುದು ನಮ್ಮಂಥವರ ಹಳೆಯ ಉಪಾಯ.

ಆ ಉಪಾಯ ಬಿಟ್ಟುಬಿಡು ಅಂತ ಹೇಳುವುದಕ್ಕೇ ಈ ಮಾತು. ಹೋಗುವ ದುಡ್ಡು ದೊಡ್ಡದಲ್ಲ. ಆದರೆ ಇವತ್ತು ತಪ್ಪಿಸಿಕೊಂಡ ಶಬ್ದ ನಾಳೆ ಇನ್ನೂ ದೊಡ್ಡದಾಗಿ ಎದುರು ನಿಲ್ಲುತ್ತದೆ. ಮೊದಲು ಒಂದು ಊರಿನ ಹೆಸರು, ಆಮೇಲೆ ಅಂಗಡಿಯಲ್ಲಿ ಬೇಕಾದ ಸಾಮಾನು, ಆಮೇಲೆ ಫೋನು, ಕೊನೆಗೆ ಕ್ಲಾಸಿನಲ್ಲಿ ಚೆನ್ನಾಗಿ ಗೊತ್ತಿದ್ದ ಉತ್ತರ. ಹೀಗೆ ಒಂದೊಂದೇ ಬಿಡುತ್ತಾ ಹೋದರೆ ಮಾತೇ ಬೇಡವೆನಿಸುತ್ತದೆ. ಜನ “ಹುಡುಗ ಸಾಧು, ಮಾತು ಕಮ್ಮಿ” ಅಂತಾರೆ. ಒಳಗೆ ಎಷ್ಟು ಮಾತು ಕೊಳೆಯುತ್ತಿದೆ ಅಂತ ಅವರಿಗೇನು ಗೊತ್ತು? ಸ್ವಂತ ಹೆಸರಿಗಂತೂ ಬದಲಿ ಶಬ್ದವೇ ಇಲ್ಲ. ಅದಕ್ಕೇ ನಮ್ಮಲ್ಲಿ ಬಹಳ ಜನ ತಮ್ಮ ಹೆಸರು ಹೇಳುವಾಗಲೇ ಎಲ್ಲಕ್ಕಿಂತ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು.

ಇದು ಪುಕ್ಕಲುತನದಿಂದ ಬಂದದ್ದಲ್ಲ, ನಾಲಿಗೆ ದಪ್ಪವಾಗಿ ಬಂದದ್ದೂ ಅಲ್ಲ. ಮಾತು ಸ್ಪಷ್ಟವಾಗಲಿ ಅಂತ ನಮ್ಮ ಕಡೆ ಮಕ್ಕಳ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಹಚ್ಚುವವರ ಪ್ರೀತಿ ದೊಡ್ಡದು, ಆದರೆ ಉಗ್ಗು ಅದಕ್ಕೆ ಹೋಗುವುದಿಲ್ಲ. ಒಂದು ಶಬ್ದ ಹೊರಡಬೇಕಾದರೆ ಉಸಿರು, ಗಂಟಲು, ನಾಲಿಗೆ, ತುಟಿ ಒಂದೇ ಗಳಿಗೆಗೆ ಹೊಂದಿಕೊಳ್ಳಬೇಕು. ಅದನ್ನು ನಡೆಸುವುದು ಮಿದುಳು. ವ್ಯತ್ಯಾಸ ಇರುವುದೂ ಅಲ್ಲೇ. ವಂಶದಲ್ಲಿ ಬರುವುದೂ ಉಂಟು. ಪಾಕಿಸ್ತಾನದ ಕೆಲವು ಕುಟುಂಬಗಳ ಅಧ್ಯಯನದಿಂದ ಶುರುವಾದ ಸಂಶೋಧನೆಯೊಂದು ಉಗ್ಗಿಗೆ ಸಂಬಂಧಿಸಿದ ಜೀನ್‌ಗಳನ್ನು 2010ರಲ್ಲಿ ಗುರುತಿಸಿತು. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಗ್ಗು ಇದೆ. ಸಾಗರದ ಮಾರಿಜಾತ್ರೆಗೆ ಸೇರುವ ಜನದಲ್ಲಿ ನಮ್ಮವರು ಎಷ್ಟಿರಬಹುದು, ನೀನೇ ಲೆಕ್ಕ ಹಾಕು.

ಒಂದು ವಿಷಯ ನೀನೂ ಗಮನಿಸಿರಬೇಕು. ಇಡೀ ಕ್ಲಾಸು ಒಟ್ಟಿಗೆ ಮಗ್ಗಿ ಹೇಳುವಾಗ ನಿನ್ನ ಬಾಯಿಯೂ ಸಲೀಸಾಗಿ ಓಡುತ್ತಿತ್ತು. ಭಜನೆಯಲ್ಲಿ ತಡೆಯಿಲ್ಲ. ಕೊಟ್ಟಿಗೆಯಲ್ಲಿ ದನದ ಮೈ ತಿಕ್ಕುತ್ತಾ ಆಡುವ ಮಾತಿಗೂ ತಡೆಯಿಲ್ಲ. ಅದೇ ಮೇಷ್ಟ್ರು “ಈಗ ನೀನೊಬ್ಬನೇ ಹೇಳು” ಅಂದರೆ ಮುಗಿಯಿತು. “ಎಲ್ಲರ ಜೊತೆ ಬರುತ್ತೆ, ಒಬ್ಬನೇ ಅಂದ್ರೆ ನಾಟಕ” ಅಂತ ಬೈಸಿಕೊಂಡ ಮಕ್ಕಳು ಎಷ್ಟೋ. ಅದು ನಾಟಕವಲ್ಲ, ಉಗ್ಗಿನ ಲಕ್ಷಣವೇ ಅದು. ಹಾಡುವಾಗ, ಬೇರೆಯವರ ದನಿಯ ಜೊತೆ ಹೇಳುವಾಗ ಹೆಚ್ಚಿನವರಿಗೆ ಉಗ್ಗು ಕಾಣಿಸುವುದೇ ಇಲ್ಲ. ಶಾಲೆಯವರು ಇಷ್ಟು ತಿಳಿದುಕೊಂಡರೆ ಎಷ್ಟು ಮಕ್ಕಳ ಕಣ್ಣೀರು ಉಳಿಯುತ್ತದೆ!

ನಮ್ಮದು ಮಾತಿನ ಸೀಮೆ ಬೇರೆ. ಮಳೆಗಾಲದಲ್ಲಿ ಊರೂರಿಗೆ ತಾಳಮದ್ದಳೆ, ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ನಾಟಕ ಸಂಸ್ಥೆ. ಎದುರಾಳಿಯ ಮಾತಿಗೆ ಅಲ್ಲೇ ಹೊಸೆದು ಉತ್ತರ ಕೊಡುವ ಅರ್ಥಧಾರಿಗೆ ಇಲ್ಲಿ ಇರುವ ಮರ್ಯಾದೆ ದೊಡ್ಡದು. ಅಂಥ ಕಡೆ ಹುಟ್ಟಿ ಉಗ್ಗುವುದು ಕಷ್ಟವೇ, ನಾನು ಇಲ್ಲ ಅನ್ನುವುದಿಲ್ಲ. ನಾಟಕಕ್ಕೆ ಸೇರಿದರೆ ಉಗ್ಗು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡ. ಬಾಯಿಪಾಠದ ಮಾತನ್ನು ಪಾತ್ರದ ದನಿಯಲ್ಲಿ ಹೇಳುವಾಗ ಅನೇಕರಿಗೆ ಸಲೀಸು, ಬಣ್ಣ ಒರೆಸಿದ ಮೇಲೆ ಮತ್ತೆ ಮೊದಲಿನಂತೆ. ಆದರೂ ಸೇರು. ಜನರ ಎದುರು ನಿಲ್ಲುವ ಅಭ್ಯಾಸ ಮೈಗೆ ಹತ್ತುತ್ತದೆ, ಅದು ಸಣ್ಣ ಲಾಭವಲ್ಲ. ಉಗ್ಗುವವನನ್ನೇ ಹಾಸ್ಯದ ಪಾತ್ರ ಮಾಡಿ ನಗಿಸುವ ಚಾಳಿ ನಮ್ಮ ಸಿನಿಮಾದಲ್ಲೂ ಊರಿನ ನಾಟಕಗಳಲ್ಲೂ ಇದೆ. ಅಂಥದ್ದಕ್ಕೆ ಕರೆದರೆ ಮಾತ್ರ ಆಗುವುದಿಲ್ಲ ಅನ್ನು.

ಇನ್ನು ಶಬ್ದ ಸಿಕ್ಕಿಕೊಂಡಾಗ ಮಾಡುವುದೇನು? ಒತ್ತಬೇಡ. ಒತ್ತಿದಷ್ಟೂ ಅದು ಬಿಗಿಯುತ್ತದೆ. ‘ತೀ’ಗೆ ನಾಲಿಗೆಯನ್ನು ಹಲ್ಲಿಗೆ ಗಟ್ಟಿಯಾಗಿ ಊರದೆ ಮೆಲ್ಲಗೆ ತಾಗಿಸು, ಉಸಿರನ್ನು ಮೊದಲು ಹರಿಯಬಿಡು, ಅಕ್ಷರವನ್ನು ತುಸು ಎಳೆದು ಮುಂದೆ ಹೋಗು. ಅಷ್ಟಾದರೂ ಸಿಕ್ಕಿಕೊಂಡರೆ ಆ ಶಬ್ದವನ್ನು ಹೇಗೋ ಮುಗಿಸು, ಒಂದು ಕ್ಷಣ ನಿಲ್ಲು, ಅದನ್ನೇ ಮತ್ತೊಮ್ಮೆ ನಿಧಾನವಾಗಿ ಹೇಳಿ ಮುಂದುವರಿ. ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಕಲಿಸಿದ ಪಾಠ ಇದು. ಅವರು ತಾವೂ ಉಗ್ಗುತ್ತಿದ್ದವರು. ಕಣ್ಣು ಕೆಳಗೆ ಹಾಕಬೇಡ, ಕೇಳುವವರನ್ನೇ ನೋಡು. ಇನ್ನೊಂದು ಅಭ್ಯಾಸ ವಿಚಿತ್ರ ಅನ್ನಿಸಬಹುದು: ಸಲೀಸಾಗಿ ಬರುವ ಶಬ್ದದ ಮೇಲೇ ಬೇಕೆಂದು ಉಗ್ಗು. ಸಾಗರದ ಪೇಟೆಯಲ್ಲಿ ಯಾವುದಾದರೂ ಅಂಗಡಿಗೆ ಹೋಗಿ “ಬ-ಬ-ಬೆಲ್ಲ ಇದೆಯಾ” ಅಂತ ಕೇಳು. ಅಂಗಡಿಯವನು ಬೆಲ್ಲ ತೂಗುತ್ತಾನೆ, ದುಡ್ಡು ಇಸಿದುಕೊಳ್ಳುತ್ತಾನೆ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ. ಅಷ್ಟೇ! ಯಾವುದನ್ನು ಕಂಡು ಇಷ್ಟು ವರ್ಷ ಓಡುತ್ತಿದ್ದೆಯೋ ಅದನ್ನು ನೀನೇ ಕರೆದು ತಂದರೆ ಅದರ ಜೋರು ಇಳಿಯುತ್ತದೆ.

ಉಗ್ಗು ಪೂರ್ತಿ ಹೋದ ಮೇಲೆ ಮಾತಾಡುತ್ತೇನೆ ಅಂತ ಕಾಯಬೇಡ. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡರಿಗೆ ಉಗ್ಗು ಇತ್ತು. ಯಾವಾಗಲೂ ಉಗ್ಗುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ, ಇಲ್ಲ, ಮಾತಾಡುವಾಗ ಮಾತ್ರ ಅಂದರಂತೆ. ಸಭೆಗಳಲ್ಲಿ, ಶಾಸನಸಭೆಯಲ್ಲಿ ಉಗ್ಗುತ್ತಲೇ ಮಾತಾಡಿದರು. ಜನ ಕಾದು ಕೇಳಿದರು.

ಮನೆಯ ದೊಡ್ಡವರಿಗೂ ಒಂದು ಮಾತು. ಎರಡರಿಂದ ಐದು ವರ್ಷದೊಳಗೆ ತೊದಲತೊಡಗುವ ಮಕ್ಕಳಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ತಾನಾಗಿಯೇ ಸರಿಹೋಗುತ್ತದೆ. ಆರು ತಿಂಗಳು ಕಳೆದರೂ ಹಾಗೇ ಇದ್ದರೆ, ಮಗು ಮುಖ ಬಿಗಿದು ಒದ್ದಾಡುತ್ತಿದ್ದರೆ ತಿಳಿದವರಿಗೆ ತೋರಿಸಲು ತಡಮಾಡಬೇಡಿ. “ನಿಧಾನ ಹೇಳು” ಅಂತ ಗದರಿಸುವುದಕ್ಕಿಂತ ನೀವೇ ನಿಧಾನವಾಗಿ ಮಾತಾಡಿ. ಮಗುವಿನ ಬಾಯಿಂದ ಶಬ್ದ ಕಿತ್ತುಕೊಂಡು ನೀವು ಮುಗಿಸಬೇಡಿ. ಹೆಣ್ಣುಮಗುವಾದರೆ, ಗಂಡಿನ ಕಡೆಯವರು ಬಂದಾಗ ಬಾಯಿ ಬಿಡಬೇಡ ಅಂತ ಕಲಿಸಬೇಡಿ. ಮದುವೆಯ ಮರುದಿನದಿಂದ ಆ ಮನೆಯಲ್ಲಿ ಅವಳು ಮಾತಾಡಲೇಬೇಕಲ್ಲ?

ತಮ್ಮಾ, ಇಷ್ಟನ್ನೂ ಒಬ್ಬನೇ ಮಾಡಬೇಕಾಗಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಉಗ್ಗಿಗೆಂದೇ ಕಲಿತವರು ಅಲ್ಲಿದ್ದಾರೆ. ತಾಳಗುಪ್ಪದಿಂದ ಸಾಗರದ ಮೇಲೆ ಮೈಸೂರಿಗೆ ರೈಲೂ ಇದೆ. ಉಗ್ಗುವವರೇ ಸೇರಿ ಕಟ್ಟಿಕೊಂಡ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಅಂತ ಒಂದಿದೆ. ಅಲ್ಲಿ ಯಾರೂ ನಿನ್ನ ವಾಕ್ಯವನ್ನು ನಿನಗಿಂತ ಮೊದಲು ಮುಗಿಸುವುದಿಲ್ಲ.

ಕೆಲಸದ ಇಂಟರ್‌ವ್ಯೂ ಬಂದರೆ ಒಳಗೆ ಹೋಗಿ ಕೂತವನೇ ಹೇಳಿಬಿಡು: “ಸಾರ್, ನನಗೆ ಉಗ್ಗು ಇದೆ, ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ.” ಮುಚ್ಚಿಡುವುದಕ್ಕೆ ಹೋಗುವ ಅರ್ಧ ಶಕ್ತಿ ಅಲ್ಲೇ ಉಳಿಯುತ್ತದೆ. ಹೋಗುವ ಮೊದಲು ಒಂದು ಸಂಜೆ ನಮ್ಮನೆಗೆ ಬಾ. ನಾನು ಪ್ರಶ್ನೆ ಕೇಳುತ್ತೇನೆ, ಎಷ್ಟು ಹೊತ್ತಾದರೂ ಆಗಲಿ, ನೀನು ಪೂರ್ತಿ ಉತ್ತರ ಹೇಳು.