ವ್ಯಾಕರಣ ಪುಸ್ತಕ ಮುಚ್ಚಿ, ಕೇಸ್ ಶೀಟ್ ತೆರೆಯಿರಿ

ಮೇಡಂ, ನಿಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೂ ವಾರ್ಡಿನಲ್ಲಿ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ ಎಂದಿದ್ದೀರಿ. ತಪ್ಪು ಮಕ್ಕಳದ್ದಲ್ಲ, ಪಠ್ಯದ್ದು.

ರೋಗಿಯ ಸ್ಥಿತಿಯನ್ನು ಡಾಕ್ಟರಿಗೆ ಫೋನಿನಲ್ಲಿ ತಿಳಿಸುವುದರಿಂದ ಶುರುಮಾಡಿ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ‘ಎಸ್‌ಬಿಎಆರ್’ ಕ್ರಮ ಇದಕ್ಕೆ ಹೇಳಿ ಮಾಡಿಸಿದ್ದು: ರೋಗಿಯ ಈಗಿನ ಸ್ಥಿತಿ, ಹಿನ್ನೆಲೆ, ನರ್ಸಿನ ಅಂದಾಜು, ಮುಂದೆ ಆಗಬೇಕಾದ್ದು. ಒಬ್ಬಳ ಕೈಗೆ ಕಾಲ್ಪನಿಕ ಕೇಸ್ ಶೀಟ್ ಕೊಡಿ. ಆಪರೇಷನ್ ಆದ ರೋಗಿ, ಬಿಪಿ 90/60, ನಾಡಿ 120. ಇನ್ನೊಬ್ಬಳು ಬೆನ್ನು ತಿರುಗಿಸಿ ಕೂತು ಫೋನಿನಲ್ಲಿರುವ ಡಾಕ್ಟರಾಗಲಿ. ಮುಖ ಕಾಣದಿದ್ದರೆ ಕೈಸನ್ನೆ ನಡೆಯುವುದಿಲ್ಲ, ಮಾತೇ ಆಡಬೇಕು. ಕೇಳಿಸಿಕೊಂಡ ಅಂಕಿಯನ್ನು ಡಾಕ್ಟರಾದವಳು ತಿರುಗಿ ಹೇಳಲಿ. ‘ಫಿಫ್ಟೀನ್’, ‘ಫಿಫ್ಟಿ’ ಗೊಂದಲ ಅಲ್ಲೇ ಸಿಕ್ಕಿಬೀಳುತ್ತದೆ. ಔಷಧಿಯ ಪ್ರಮಾಣದಲ್ಲಿ ಅದು ಪ್ರಾಣಕ್ಕೇ ಕುತ್ತು ತರಬಹುದು.

ನಡುವೆ ವ್ಯಾಕರಣ ತಿದ್ದಲು ಹೋಗಬೇಡಿ (ನಮ್ಮಂಥ ಮೇಷ್ಟರಿಗೆ ಇದೇ ಕಷ್ಟ!). ಮಾತು ಮುಗಿದ ಮೇಲೆ, ಅರ್ಥ ಕೆಡಿಸಿದ ಒಂದೆರಡು ತಪ್ಪನ್ನಷ್ಟೇ ಎತ್ತಿಕೊಳ್ಳಿ.

ವಿದೇಶಕ್ಕೆ ಹೊರಟವರು ಬರೆಯುವ, ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿಯಲ್ಲೂ ತಲಾ ಸುಮಾರು 5 ನಿಮಿಷದ ಎರಡು ರೋಲ್‌ಪ್ಲೇ ಇವೆ. ಅದರ ತಯಾರಿಗೆ ರೋಗಿಯ ಪಾತ್ರವನ್ನು ನೀವೇ ಹಾಕಿ. ಇಂಜೆಕ್ಷನ್ ಬೇಡವೆಂದು ಸ್ವಲ್ಪ ಹಟ ಮಾಡಿ, ಸಿಡುಕಿ. ಸಮಾಧಾನ ಮಾಡುವ ಇಂಗ್ಲಿಷ್ ಯಾವ ಗೈಡಿನಲ್ಲೂ ಸರಿಯಾಗಿ ಸಿಗುವುದಿಲ್ಲ.